ಕ್ಯಾಮೆರಾಕ್ಕಿಂತ ಮೊದಲು ಜಗಲಿ: ಮಲೆನಾಡಿನಲ್ಲಿ ಹಕ್ಕು, ನ್ಯಾಯ, ಗುರುತಿನ ಸಾಕ್ಷ್ಯಚಿತ್ರ ಮಾಡುವವರಿಗೆ

ಮೊದಲ ಸಲ ಕ್ಯಾಮೆರಾ ಹಿಡಿದು ಶರಾವತಿ ಹಿನ್ನೀರಿನ ಆಚೆಯ ಒಂದು ಊರಿಗೆ ಹೋದಾಗ ನಾವು ಮೂವರಿದ್ದೆವು. ಹೆಗಲ ಮೇಲೆ ಟ್ರೈಪಾಡ್, ಕುತ್ತಿಗೆಗೆ ಐಡಿ ಕಾರ್ಡು. ದಣಪೆ ದಾಟಿ ಅಂಗಳಕ್ಕೆ ಕಾಲಿಡುವುದರೊಳಗೆ ಅಜ್ಜಿಯೊಬ್ಬರು ಪ್ಲಾಸ್ಟಿಕ್ ಕವರ್ ಹಿಡಿದು ಹೊರಗೆ ಬಂದರು. ಒಳಗೆ ಹಳೆ ಅರ್ಜಿಗಳು, ಪಹಣಿ, ಕಂದಾಯದ ರಸೀದಿ, ಲ್ಯಾಮಿನೇಷನ್ ಮಾಡಿಸಿದ ಆಧಾರ್. "ಈ ಸಲನಾದ್ರೂ ಹಕ್ಕುಪತ್ರ ಆಗ್ತದಾ?" ಅಂದರು. ನಮ್ಮನ್ನು ಸರ್ವೆಯವರು ಅಂದುಕೊಂಡಿದ್ದರು. ಸರ್ವೆ ಯಂತ್ರಕ್ಕೂ ಮೂರು ಕಾಲು, ನಮ್ಮದಕ್ಕೂ ಮೂರು ಕಾಲು.

ನಾವೇನು ಮಾಡಿದೆವು ಗೊತ್ತಾ? ಕ್ಯಾಮೆರಾ ಆನ್ ಮಾಡಿದೆವು. ಅಜ್ಜಿ ಒಂದೊಂದೇ ಕಾಗದ ಬಿಡಿಸಿ ತೋರಿಸುತ್ತಾ ಹೋದರು. ಬೆಳಕು ಚೆನ್ನಾಗಿತ್ತು, ಮುಖ ಚೆನ್ನಾಗಿತ್ತು, ಎಲ್ಲವೂ ಚೆನ್ನಾಗಿ ಬಂತು. ಆ ಫುಟೇಜನ್ನು ಇವತ್ತಿಗೂ ಬಳಸಿಲ್ಲ. ಅವರು ಮಾತಾಡಿದ್ದು ಸರ್ವೆಯವರ ಜೊತೆ, ನಮ್ಮ ಜೊತೆ ಅಲ್ಲ.

ಆಮೇಲೆ ನನಗೆ ನಾನೇ ಒಂದು ಪರೀಕ್ಷೆ ಇಟ್ಟುಕೊಂಡೆ. ಯಾವ ಶಾಟ್ ತೆಗೆಯುವಾಗಲೂ, ಯಾವ ಮಾತು ಕತ್ತರಿಸುವಾಗಲೂ ಒಂದೇ ಪ್ರಶ್ನೆ: ಇದನ್ನು ಇದೇ ಅಂಗಳದಲ್ಲಿ, ಇವರ ನೆಂಟರಿಷ್ಟರನ್ನು ಕೂರಿಸಿಕೊಂಡು ತೋರಿಸುವ ಧೈರ್ಯ ಇದೆಯಾ? ಈ ಬರಹದಲ್ಲಿ ಹೇಳುವ ಎಲ್ಲ ಹಂತವೂ ಆ ಪ್ರಶ್ನೆಯ ಸುತ್ತಲೇ ಇದೆ.

1. ವಿಷಯವನ್ನು ಒಂದು ಮನೆಯಷ್ಟು ಚಿಕ್ಕದು ಮಾಡಿ

"ಮುಳುಗಡೆ ಸಂತ್ರಸ್ತರ ಬಗ್ಗೆ ಫಿಲ್ಮ್ ಮಾಡ್ತೀನಿ" ಅನ್ನುವವರು ನನಗೆ ವರ್ಷಕ್ಕೆ ನಾಲ್ಕು ಜನ ಸಿಗುತ್ತಾರೆ. ಅದು ವಿಷಯ ಅಲ್ಲ, ಗ್ರಂಥಾಲಯದ ಕಪಾಟು. ಶರಾವತಿಗೆ ಕಟ್ಟಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು 1948ರದ್ದು. ಲಿಂಗನಮಕ್ಕಿ 1964ರದ್ದು. ದೊಡ್ಡ ಅಣೆಕಟ್ಟು ಬಂದು ಚಿಕ್ಕ ಅಣೆಕಟ್ಟನ್ನೇ ಮುಳುಗಿಸಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಹಳೆಯದು ಮತ್ತೆ ತಲೆ ಎತ್ತುತ್ತದೆ, ಜನ ಜೀಪು ಮಾಡಿಕೊಂಡು ನೋಡಲು ಹೋಗುತ್ತಾರೆ. ಎರಡು ಸಲ ಊರು ಬಿಟ್ಟು ಎದ್ದ ಕುಟುಂಬಗಳಿವೆ. ಎದ್ದು ಹೋದ ಜಾಗದಲ್ಲಿ ಹಕ್ಕುಪತ್ರ ಇಲ್ಲದವರಿದ್ದಾರೆ. ಇದೆಲ್ಲ ಒಂದು ಫಿಲ್ಮಿನಲ್ಲಿ ಹಿಡಿಯುವುದಿಲ್ಲ.

ಚಿಕ್ಕದು ಮಾಡುವುದು ಅಂದರೆ ಹೀಗೆ. ಒಂದು ಮನೆ. ಆ ಮನೆಯ ಒಂದು ಫೈಲು. ಆ ಫೈಲು ಮುಂದಿನ ಆರು ತಿಂಗಳಲ್ಲಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಅದರ ಹಿಂದೆ ತಿರುಗುವವರು ಯಾರು, ಮಗನಾ ಸೊಸೆಯಾ? ತಾಲೂಕು ಆಫೀಸಿಗೆ ಹೋಗುವ ದಿನ ಕೂಲಿ ಯಾರದ್ದು ಹೋಗುತ್ತದೆ? ಮುಂದೇನಾಗುತ್ತೋ ಗೊತ್ತಿಲ್ಲದ ಒಂದು ಸಂಗತಿ ಇದ್ದರೆ ಫಿಲ್ಮ್ ಇದೆ. ಎಲ್ಲವೂ ಮುಗಿದಿದ್ದರೆ ಅದು ನೆನಪಿನ ಫಿಲ್ಮು. ಅದನ್ನೂ ಮಾಡಬಹುದು, ಆದರೆ ಬೇರೆ ದಾರಿಯಲ್ಲಿ. ಅದನ್ನು ಮುಂದೆ ಹೇಳುತ್ತೇನೆ.

ಇಲ್ಲಿ ವಿಷಯಕ್ಕೆ ಬರ ಇಲ್ಲ. ಗೇಣಿ ರೈತರ ಕಾಗೋಡು ಸತ್ಯಾಗ್ರಹ ನಡೆದ ಊರು ಸಾಗರ ತಾಲೂಕಿನಲ್ಲೇ ಇದೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈಗಲೂ ಬೇಸಿಗೆಗೆ ಬರುತ್ತದೆ. ಕಾಡಿಗೆ ಸೊಪ್ಪಿಗೆ, ಸೌದೆಗೆ ಹೋಗುವವರಿಗೇ ಮೊದಲು ಅಂಟುತ್ತದೆ. ಅಂದರೆ ಅದು ಆರೋಗ್ಯದ ಕತೆ ಮಾತ್ರ ಅಲ್ಲ, ಕೂಲಿಯ ಕತೆಯೂ ಹೌದು. ತೋಟದ ಕೂಲಿಯವರ ಲೈನ್ ಮನೆಗಳಿವೆ. ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ ಇದೆ. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಮಣ್ಣಿನ ಗೋಡೆ ಹೋಗಿ ಸಿಮೆಂಟು ಗೋಡೆ ಬಂದಾಗ ಆ ಚಿತ್ತಾರ ಫ್ರೇಮಿನೊಳಗೆ ಹೋಗಿ ಪೇಟೆ ಸೇರಿತು. ಬರೆದವರಿಗೆ ಎಷ್ಟು ಸಿಕ್ಕಿತು, ಮಾರಿದವರಿಗೆ ಎಷ್ಟು? ಸುಮ್ನೆ "ಅಳಿವಿನಂಚಿನ ಕಲೆ" ಅಂತ ಮಾಡುವುದಕ್ಕಿಂತ ಈ ಪ್ರಶ್ನೆ ಹಿಡಿದು ಹೋದರೆ ಫಿಲ್ಮಿಗೆ ಬೆನ್ನೆಲುಬು ಬರುತ್ತದೆ.

2. ಕಾಗದ ಓದಿ, ಲೆಕ್ಕ ಹಾಕಿ

ಹಕ್ಕಿನ ವಿಷಯ ಅಂದಮೇಲೆ ಕಾನೂನು ಓದದೆ ಹೋಗಬಾರದು. ವಕೀಲರಾಗಬೇಕಿಲ್ಲ. ಆದರೆ ಎದುರಿಗಿರುವವರು "ನಮ್ದು 53ರದ್ದು ಅರ್ಜಿ" ಅಂದಾಗ ಕಣ್ಣು ಪಿಳಿಪಿಳಿ ಬಿಡಬಾರದು. ಫಾರಂ 50, 53, 57 ಅಂದರೆ ಬಗರ್‌ಹುಕುಂ (ಸರ್ಕಾರಿ ಜಮೀನಿನಲ್ಲಿ ಮಂಜೂರಾತಿ ಇಲ್ಲದೆ ಮಾಡಿದ) ಸಾಗುವಳಿ ಸಕ್ರಮಕ್ಕೆ ಬೇರೆ ಬೇರೆ ಕಾಲದಲ್ಲಿ ಹಾಕಿದ ಅರ್ಜಿಗಳು. ಅರಣ್ಯ ಹಕ್ಕು ಕಾಯ್ದೆ ಬೇರೆ, ಅದು 2006ರದ್ದು.

ಲೆಕ್ಕ ಹಾಕಿದರೆ ಏನು ಸಿಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಆ ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅಲ್ಲಿ ನೆಲೆಸಿದ್ದರೆ ಸಾಕು. ಉಳಿದವರು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಈಗ ಲಿಂಗನಮಕ್ಕಿಗಾಗಿ 1960ರ ಸುಮಾರಿಗೆ ಎದ್ದು ಬಂದು ಕಾಡಿನ ಅಂಚಿನಲ್ಲಿ ಕೂತ ಕುಟುಂಬವನ್ನು ನೋಡಿ. 2005ಕ್ಕೆ ಅವರು ಬಂದು ಆಗಿದ್ದು ಸುಮಾರು 45 ವರ್ಷ. ಮೊದಲಿನ ಊರಿನಲ್ಲಿ ನೂರು ವರ್ಷ ಇದ್ದರೂ ಆ ಊರು ನೀರಿನಡಿ ಇದೆ. ಸರ್ಕಾರದ ಕೆಲಸಕ್ಕೇ ಎದ್ದು ಬಂದವರು, ಬಂದು ಕೂತದ್ದು ತಡವಾಯಿತು ಅನ್ನುವ ಕಾರಣಕ್ಕೆ ಸಿಕ್ಕಿಬೀಳುತ್ತಾರೆ. ಇದನ್ನು ಯಾರೂ ಕ್ಯಾಮೆರಾ ಮುಂದೆ ಇಷ್ಟು ಬಿಡಿಸಿ ಹೇಳುವುದಿಲ್ಲ. ಅವರಿಗೆ ಅದು ಹಳೆ ನೋವು. ನೀವು ಲೆಕ್ಕ ಮಾಡಿಕೊಂಡು ಹೋದರೆ ಕೇಳುವ ಪ್ರಶ್ನೆಯೇ ಬದಲಾಗುತ್ತದೆ.

ಮಾಹಿತಿ ಹಕ್ಕಿನ ಅರ್ಜಿ ಹಾಕಲು ಮೊದಲ ವಾರವೇ ಕೂತುಬಿಡಿ. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ಐದು ಪ್ರಶ್ನೆ ಇದ್ದರೆ ಐದು ಅರ್ಜಿ. "ಯಾಕೆ ಕೊಟ್ಟಿಲ್ಲ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. "ಇಂಥ ಹೋಬಳಿಯಲ್ಲಿ ಬಂದ ಅರ್ಜಿ ಎಷ್ಟು, ತಿರಸ್ಕರಿಸಿದ್ದು ಎಷ್ಟು, ತಿರಸ್ಕಾರದ ಆದೇಶದ ಪ್ರತಿ ಕೊಡಿ" ಅಂತ ಕೇಳಿ.

3. ಕ್ಯಾಮೆರಾ ಬಿಟ್ಟು ಹೋಗಿ, ಯಾರ ಜೊತೆ ಹೋಗುತ್ತೀರಿ ನೋಡಿಕೊಳ್ಳಿ

ಮೊದಲ ಮೂರು ಭೇಟಿ ಬರಿಗೈಯಲ್ಲಿ. ಎಲ್ಲರೂ ಹೇಳುವ ಮಾತು ಇದು. ಆದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ: ಊರಿಗೆ ಯಾರ ಮೂಲಕ ಹೋಗುತ್ತೀರಿ, ಮೊದಲ ಕಾಫಿ ಯಾರ ಮನೆಯಲ್ಲಿ ಕುಡಿಯುತ್ತೀರಿ.

ಮಲೆನಾಡಿನಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ಅರ್ಧ ಮೈಲಿ. ಆದರೆ ಸುದ್ದಿಗೆ ಅರ್ಧ ಗಂಟೆಯೂ ಬೇಡ. ನೀವು ದೊಡ್ಡ ತೋಟದವರ ಮನೆಯಲ್ಲಿ ಬೈಕ್ ನಿಲ್ಲಿಸಿ, ಅಲ್ಲೇ ಊಟ ಮಾಡಿ, ಮಧ್ಯಾಹ್ನ ಅವರ ತೋಟದ ಕೂಲಿಯವರ ಕೇರಿಗೆ ಹೋದಿರಿ ಅಂತಿಟ್ಟುಕೊಳ್ಳಿ. ಅಲ್ಲಿ ಸಿಗುವುದು ಒಂದೇ ಉತ್ತರ: "ನಮಗೇನೂ ತೊಂದ್ರೆ ಇಲ್ಲ ಸಾರ್, ಧಣೇರು ಚೆನ್ನಾಗಿ ನೋಡ್ಕಂತಾರೆ." ಅದು ಸುಳ್ಳು ಅಂತ ಅಲ್ಲ. ನೀವು ಯಾರ ಕಡೆಯವರು ಅಂತ ಅವರು ತೀರ್ಮಾನ ಮಾಡಿಯಾಗಿದೆ, ಅಷ್ಟೇ.

ನನಗೂ ಹೀಗಾಗಿದೆ. ಒಂದು ಕೇರಿಯಲ್ಲಿ ಎರಡು ದಿನ ಒಬ್ಬರೂ ಬಾಯಿ ಬಿಡಲಿಲ್ಲ. ಮೂರನೇ ದಿನ ಒಬ್ಬ ಹುಡುಗ ಕೇಳಿಯೇ ಬಿಟ್ಟ: "ನೀವು ನಮ್ಮನೇಲಿ ನೀರು ಕುಡೀತೀರಾ?" ಅಲ್ಲಿಯವರೆಗೆ ನಾವು ಬಾಟಲಿ ನೀರು ಕುಡಿಯುತ್ತಿದ್ದೆವು. ನಮಗೆ ಹೊಟ್ಟೆಯ ಭಯ. ಅವರಿಗೆ ಅದು ಬೇರೆಯದೇ ಅರ್ಥ ಕೊಟ್ಟಿತ್ತು. ಅವತ್ತು ಸಂಜೆ ಅವರ ಮನೆಯಲ್ಲಿ ಕೆಸುವಿನ ಸೊಪ್ಪಿನ ಪಲ್ಯದ ಜೊತೆ ಊಟ ಮಾಡಿದೆವು. ಮಾತು ಶುರುವಾಗಿದ್ದು ಊಟದ ನಂತರ, ಎಲೆ ಅಡಕೆ ತಟ್ಟೆ ಮುಂದೆ ಬಂದಾಗ.

ಹೆಸರಿಡಿದು ಕರೆಯುವುದು, ಬಹುವಚನ, ಏಕವಚನ ಕೂಡ ಲೆಕ್ಕಕ್ಕೆ ಬರುತ್ತದೆ. ಎಪ್ಪತ್ತು ವರ್ಷದ ಕೂಲಿಯವರನ್ನು ಊರಿನ ಹುಡುಗರು "ಏ ಬಾರ" ಅನ್ನುವುದನ್ನು ಇವತ್ತೂ ಕೇಳಬಹುದು. ನೀವು ಅವರನ್ನು "ಅಜ್ಜ, ಬನ್ನಿ" ಅಂದರೆ ಅವರ ಕೂತ ಭಂಗಿ ಬದಲಾಗುತ್ತದೆ. ಕ್ಯಾಮೆರಾದಲ್ಲಿ ಅದು ಕಾಣುತ್ತದೆ.

ಒಂದು ಮಾತು. ಹಿನ್ನೀರು ದಾಟಿಸುತ್ತಿದ್ದ ಸಿಗಂದೂರಿನ ಲಾಂಚ್ ನಮ್ಮಂಥವರಿಗೆ ದೊಡ್ಡ ಅನುಕೂಲವಾಗಿತ್ತು. ಅಂಬಾರಗೋಡ್ಲಿನ ದಡದಲ್ಲಿ ಲಾಂಚಿಗೆ ಕಾಯುವಾಗ ಅರ್ಧ ಊರಿನ ಪರಿಚಯ ಆಗುತ್ತಿತ್ತು. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಆ ಭಾಗದ ಜನರಿಗೆ ಅದು ದಶಕಗಳ ಬೇಡಿಕೆ. ರಾತ್ರಿ ಹೆರಿಗೆ ನೋವು ಬಂದವರನ್ನು ಕೇಳಿದರೆ ಗೊತ್ತಾಗುತ್ತದೆ. ನಮಗೆ ಮಾತ್ರ ಕಾಯುವ ಜಾಗ ಹೋಯಿತು. ನಿಮ್ಮ ಬಳಿ ಹಳೆ ಲಾಂಚಿನ ವಿಡಿಯೊ ಇದ್ದರೆ ಜೋಪಾನವಾಗಿ ಇಡಿ.

4. ಒಪ್ಪಿಗೆ ಅಂದರೆ ಹೆಬ್ಬೆಟ್ಟಲ್ಲ

ಒಪ್ಪಿಗೆ ಪತ್ರದ ಮಾದರಿ ಅಂತ ಸಿಗುವುದೆಲ್ಲ ಇಂಗ್ಲಿಷಿನವು. ಅದನ್ನು ಕನ್ನಡಕ್ಕೆ ಇಳಿಸಿದರೂ ಅಜ್ಜಿಗೆ ಅದು ಸೊಸೈಟಿ ಸಾಲದ ಕಾಗದದ ಹಾಗೇ ಕಾಣುತ್ತದೆ. ಸಹಿ ಹಾಕಿಸಿಕೊಳ್ಳುವವರ ಮೇಲೆ ನಮ್ಮ ಜನಕ್ಕೆ ಒಳ್ಳೆ ಅಭಿಪ್ರಾಯ ಇಲ್ಲ. ಅದಕ್ಕೆ ಕಾರಣವೂ ಇದೆ.

ನಾನು ಮಾಡುವುದು ಹೀಗೆ. ಮೊದಲು ಬಾಯಿಮಾತಿನಲ್ಲಿ ನಾಲ್ಕು ವಿಷಯ ಹೇಳುತ್ತೇನೆ: ನಾವು ಸರ್ಕಾರದವರಲ್ಲ. ಈ ಫಿಲ್ಮಿನಿಂದ ಹಕ್ಕುಪತ್ರ ಸಿಗುತ್ತದೆ ಅಂತ ಇಲ್ಲ. ಇದನ್ನು ಬೇರೆ ಊರಿನವರು, ಮೊಬೈಲಿನಲ್ಲಿ ಗುರುತಿಲ್ಲದವರು ನೋಡುತ್ತಾರೆ, ನಿಮ್ಮ ಊರಿನ ದೊಡ್ಡವರೂ ನೋಡಬಹುದು. ಎಡಿಟ್ ಮುಗಿಯುವವರೆಗೆ ಯಾವಾಗ ಬೇಡ ಅಂದರೂ ತೆಗೆದುಬಿಡುತ್ತೇವೆ. ಇಷ್ಟು ಹೇಳಿ ಅವತ್ತು ಎದ್ದು ಬರುತ್ತೇನೆ. ಒಂದು ರಾತ್ರಿ ಕಳೆಯಬೇಕು. ಮನೆಯವರೆಲ್ಲ ಮಾತಾಡಿಕೊಳ್ಳಬೇಕು. ಮರುದಿನ ಹೋಗಿ ಕೇಳಿದಾಗ ಅವರು ಹೌದು ಅಂದರೆ, ಅವರ ಮಾತಿನಲ್ಲೇ ಕ್ಯಾಮೆರಾಕ್ಕೆ ಹೇಳಿಸುತ್ತೇನೆ. ಕಾಗದದ ಸಹಿ ಕೊನೆಗೆ, ಚಿತ್ರೋತ್ಸವಗಳಿಗೆ ಬೇಕಾಗುತ್ತದೆ ಅಂತ.

"ಬೇಡ" ಅನ್ನುವುದಕ್ಕೆ ನಮ್ಮಲ್ಲಿ ಬೇರೆ ಬೇರೆ ರೂಪ ಇದೆ. "ನೋಡಣ ಬಿಡಿ", "ಮಗ ಬರ್ಲಿ", "ಕೊಯ್ಲು ಮುಗೀಲಿ". ಇವೆಲ್ಲ ಬೇಡ ಅಂತಲೇ ಅರ್ಥ. ಮೂರು ಸಲ ಕೊಯ್ಲು ಮುಗಿಯಲಿಲ್ಲ ಅಂದರೆ ಬೇರೆ ಮನೆ ನೋಡಿಕೊಳ್ಳಿ.

ಮುಖ ಮಸುಕು ಮಾಡಿದರೆ ಆಯಿತು ಅಂದುಕೊಳ್ಳಬೇಡಿ. ಮುನ್ನೂರು ಜನರ ಊರಿನಲ್ಲಿ ದನಿ ಸಾಕು, ನಡೆಯುವ ರೀತಿ ಸಾಕು, ಹಿಂದೆ ಕಾಣುವ ಹಲಸಿನ ಮರ ಸಾಕು. ಜೀತ, ದೌರ್ಜನ್ಯ, ಬಹಿಷ್ಕಾರದ ಬಗ್ಗೆ ಮಾತಾಡುವವರಿದ್ದರೆ ಅವರ ಮನೆಯಲ್ಲಿ ಚಿತ್ರೀಕರಣ ಮಾಡಲೇಬೇಡಿ. ಬೇರೆ ಊರಿನಲ್ಲಿ, ಕೈ ಮಾತ್ರ ಕಾಣುವ ಹಾಗೆ ತೆಗೆಯಿರಿ. ಬೇಕಿದ್ದರೆ ಅವರ ಮಾತನ್ನು ಇನ್ನೊಬ್ಬರ ದನಿಯಲ್ಲಿ ಓದಿಸಿ, ಹಾಗೆ ಮಾಡಿದ್ದೇವೆ ಅಂತ ಪರದೆಯ ಮೇಲೆ ಹಾಕಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಗುರುತು ಬಿಟ್ಟುಕೊಡುವುದು ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ಹೆಸರು ಮಾತ್ರ ಅಲ್ಲ, ಶಾಲೆ, ಮನೆ, ಅಕ್ಕಪಕ್ಕ ಯಾವುದೂ ಗೊತ್ತಾಗಬಾರದು.

ದುಡ್ಡಿನ ಮಾತು. ಹೇಳಿಕೆಗೆ ದುಡ್ಡು ಕೊಡಬಾರದು ಅನ್ನುತ್ತಾರೆ, ಸರಿ. ಆದರೆ ಒಂದು ದಿನ ಕೆಲಸಕ್ಕೆ ಹೋಗದೆ ನಮ್ಮ ಜೊತೆ ಕೂತವರ ಕೂಲಿ ಯಾರು ಕೊಡುತ್ತಾರೆ? ನಾನು ಆ ದಿನದ ಕೂಲಿ ಕೊಡುತ್ತೇನೆ, ಕೊಟ್ಟಿದ್ದೇನೆ ಅಂತ ಬರೆದಿಡುತ್ತೇನೆ. ಇದನ್ನು ಒಪ್ಪದವರು ಇದ್ದಾರೆ. ಇರಲಿ.

5. ಸಾಮಾನು: ಕಮ್ಮಿ ಇದ್ದಷ್ಟೂ ಒಳ್ಳೆಯದು

ಒಳ್ಳೆ ಮೊಬೈಲ್ ಇದ್ದರೆ ಶುರು ಮಾಡಬಹುದು. ನಮ್ಮ ಕರೆಂಟು 50 ಹರ್ಟ್ಸಿನದ್ದು. ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟುಕೊಳ್ಳಿ, ಟ್ಯೂಬ್‌ಲೈಟ್ ಮಿಣುಕುವುದಿಲ್ಲ. ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಲಾಕ್ ಮಾಡಿ. ಅಡಕೆ ತೋಟದಲ್ಲಿ ಬಿಸಿಲು, ನೆರಳು ಚುಕ್ಕಿ ಚುಕ್ಕಿಯಾಗಿ ಬೀಳುವುದರಿಂದ ಆಟೊದಲ್ಲಿ ಬಿಟ್ಟರೆ ಚಿತ್ರ ಉಸಿರಾಡಿದ ಹಾಗೆ ಬೆಳಗಿ ಕಪ್ಪಾಗುತ್ತದೆ. ಏರೋಪ್ಲೇನ್ ಮೋಡ್ ಹಾಕುವುದು ಮರೆಯಬೇಡಿ.

ಮಳೆಗಾಲದ ಶತ್ರು ನೀರಲ್ಲ, ತೇವ. ಲೆನ್ಸಿಗೆ ಬೂಷ್ಟು ಹಿಡಿದರೆ ಹೋಗುವುದಿಲ್ಲ. ಹಪ್ಪಳ ಇಡುವ ಗಾಳಿಯಾಡದ ಡಬ್ಬಿ ತಂದು, ಒಳಗೆ ಸಿಲಿಕಾ ಜೆಲ್ ಹಾಕಿ, ರಾತ್ರಿ ಎಲ್ಲವನ್ನೂ ಅದರಲ್ಲಿ ಮುಚ್ಚಿಡಿ. ಟ್ರೈಪಾಡಿಗಿಂತ ಸಣ್ಣ ಮಣೆ ಉಪಯೋಗಕ್ಕೆ ಬರುತ್ತದೆ. ಜಗಲಿಯ ಮೇಲೆ ಕೂತವರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇರಬೇಕಾದರೆ ನೀವೂ ಕೂರಬೇಕು. ಉಂಬಳಕ್ಕೆ, ಅಂದರೆ ಜಿಗಣೆಗೆ, ಉಪ್ಪು, ಸುಣ್ಣ.

ದಿನದ ಫುಟೇಜ್ ಅವತ್ತೇ ಎರಡು ಹಾರ್ಡ್‌ಡಿಸ್ಕಿಗೆ ಹೋಗಬೇಕು. ಎರಡೂ ಒಂದೇ ಬ್ಯಾಗಿನಲ್ಲಿ ಇರಬಾರದು. ನಮ್ಮಲ್ಲಿ ಮಳೆಗಾಲದ ಕರೆಂಟು ನಂಬಿ ಕಾಪಿ ಶುರು ಮಾಡಿದರೆ ಅರ್ಧಕ್ಕೆ ಹೋಗುವುದು ಖಾತ್ರಿ. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿದ ಮೇಲೆ ಶುರು ಮಾಡಿ.

6. ಶಬ್ದ ಕೆಟ್ಟರೆ ಫಿಲ್ಮ್ ಕೆಟ್ಟಿತು

ಚಿತ್ರ ಅಲುಗಿದರೆ ಜನ ಸಹಿಸುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಅದರಲ್ಲೂ ಸಾಕ್ಷಿ ಹೇಳುವವರ ಮಾತು ಕೇಳದಿದ್ದರೆ ಫಿಲ್ಮ್ ಮಾಡಿದ್ದೇ ದಂಡ.

ಬಜೆಟ್ಟಿನ ಮೊದಲ ದುಡ್ಡು ಕಾಲರ್ ಮೈಕಿಗೆ ಹಾಕಿ. ಮೈಕನ್ನು ಸೀರೆಯ ಸೆರಗಿಗೆ ಹಾಕಬೇಡಿ, ಅವರು ಸೆರಗು ಸರಿ ಮಾಡಿಕೊಂಡಾಗಲೆಲ್ಲ ಗರಗರ ಅನ್ನುತ್ತದೆ. ಹೆಣ್ಣುಮಕ್ಕಳಿಗೆ ಮೈಕ್ ಹಾಕಲು ನಿಮ್ಮ ತಂಡದಲ್ಲಿ ಹೆಣ್ಣುಮಗಳು ಇರಲೇಬೇಕು. ಬರೀ ಮೈಕಿಗಾಗಿ ಅಲ್ಲ ಅನ್ನುವುದು ಆಮೇಲೆ ನಿಮಗೇ ಗೊತ್ತಾಗುತ್ತದೆ.

ಶೀಟಿನ ಮಾಡಿನ ಮನೆಯಲ್ಲಿ ಮಳೆ ಬಂದರೆ ಸಂದರ್ಶನ ಮುಗಿಯಿತು. ಆದರೆ ರೆಕಾರ್ಡರ್ ಆಫ್ ಮಾಡಬೇಡಿ. ಒಂದು ಸಲ ಹೀಗೇ ಮಳೆ ಶುರುವಾಗಿ ಮಾತು ನಿಂತಿತು. ಮನೆಯಾಕೆ ಎದ್ದು ಒಂದು ಪಾತ್ರೆ ತಂದು ಒಂದು ಕಡೆ ಇಟ್ಟರು. ಇನ್ನೊಂದು ತಂದು ಇನ್ನೊಂದು ಕಡೆ. ಎಲ್ಲಿ ಸೋರುತ್ತದೆ ಅಂತ ನೋಡಲೂ ಇಲ್ಲ, ಜಾಗ ಬಾಯಿಪಾಠ. ನಾಲ್ಕು ಪಾತ್ರೆ, ನಾಲ್ಕು ಬೇರೆ ಬೇರೆ ದನಿ. ಮನೆ ರಿಪೇರಿಗೆ ಯಾಕೆ ಆಗಿಲ್ಲ ಅಂತ ಅದಕ್ಕೆ ಮೊದಲು ಇಪ್ಪತ್ತು ನಿಮಿಷ ಕೇಳಿದ್ದೆ. ಫಿಲ್ಮಿನಲ್ಲಿ ಉಳಿದದ್ದು ಆ ಪಾತ್ರೆಗಳು. ಆ ಇಪ್ಪತ್ತು ನಿಮಿಷ ಹೋಯಿತು.

ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಬರೀ ಆ ಜಾಗದ ಶಬ್ದ ತೆಗೆದಿಡಿ. ಎಡಿಟ್ ಮಾಡುವಾಗ ಎರಡು ಮಾತಿನ ನಡುವಿನ ತೂತು ಮುಚ್ಚಲು ಬೇಕು. ಸಂಜೆಯ ಜೀರುಂಡೆ ಶುರುವಾದ ಮೇಲೆ ಸಂದರ್ಶನ ಮಾಡಬೇಡಿ. ಆ ಶಬ್ದ ಒಂದು ಶಾಟಿನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಎಡಿಟಿನಲ್ಲಿ ತಲೆ ಚಚ್ಚಿಕೊಳ್ಳಬೇಕಾಗುತ್ತದೆ. ಫ್ರಿಜ್ ಆಫ್ ಮಾಡಿದರೆ ಬೈಕಿನ ಕೀಲಿಯನ್ನು ಅದರೊಳಗೇ ಇಡಿ. ಇಲ್ಲದಿದ್ದರೆ ಆನ್ ಮಾಡಲು ಮರೆತು ಹೋಗಿ ಅವರ ಹಾಲು ಒಡೆಯುತ್ತದೆ.

7. ಹೇಳಿಸಬೇಡಿ, ಮಾಡಿ ತೋರಿಸಲು ಕೇಳಿ

ನೆನಪಿನ ಫಿಲ್ಮ್ ಬೇರೆ ದಾರಿ ಅಂದೆನಲ್ಲ. ಕಾಗೋಡಿನ ಉದಾಹರಣೆಯೇ ತೆಗೆದುಕೊಳ್ಳಿ. 1951ರ ಆ ಹೋರಾಟ ಹೊತ್ತಿಕೊಂಡದ್ದು ಗೇಣಿ ಭತ್ತ ಅಳೆಯುವ ಕೊಳಗದ ವಿಷಯಕ್ಕೆ. ಎಚ್. ಗಣಪತಿಯಪ್ಪನವರ ಮುಂದಾಳತ್ವ, ಸಮಾಜವಾದಿಗಳ ಬೆಂಬಲ, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದದ್ದು, ಆಮೇಲೆ 1974ರ ಭೂಸುಧಾರಣೆ. ಇದನ್ನೆಲ್ಲ ಹಿನ್ನೆಲೆ ದನಿಯಲ್ಲಿ ಐದು ನಿಮಿಷ ಹೇಳಬಹುದು. ನೋಡುವವರು ಆಕಳಿಸುತ್ತಾರೆ.

ಇದೇ ತಾಲೂಕಿನ ಬೇರೊಂದು ಊರಿನಲ್ಲಿ ಒಬ್ಬ ಹಿರಿಯರಿಗೆ ನಾನು "ಆಗ ಏನು ಅನ್ಯಾಯ ಆಗ್ತಿತ್ತು ಹೇಳಿ" ಅಂತ ಕೇಳಿದ್ದೆ. ಅವರು ಭಾಷಣ ಶುರು ಮಾಡಿದರು. ಎಷ್ಟೋ ವೇದಿಕೆಯಲ್ಲಿ ಹೇಳಿ ಹೇಳಿ ನಯವಾದ ಮಾತು. ಮರುದಿನ ಪ್ರಶ್ನೆ ಬದಲಾಯಿಸಿದೆ: "ಅಜ್ಜ, ಮನೇಲಿ ಕೊಳಗ ಇದ್ಯಾ?" ಮೊಮ್ಮಗ ಅಟ್ಟ ಹತ್ತಿ ಇಳಿಸಿ ತಂದ. ಧೂಳು ಒರೆಸಿ, ಅಂಗಳದಲ್ಲಿ ಗೋಣಿ ಹಾಸಿ, ಅಜ್ಜ ಭತ್ತ ಸುರಿದರು. ಮೊದಲು ಬಾಯಿ ಮಟ್ಟಕ್ಕೆ ತುಂಬಿ ಅಂಗೈಯಿಂದ ಒರೆದರು. "ನಮಗೆ ಕೊಡುವಾಗ ಹಿಂಗೆ." ಮತ್ತೆ ತುಂಬಿದರು, ಈ ಸಲ ಗೋಪುರ ಎದ್ದು ಅಂಚಿನಿಂದ ಕಾಳು ಜಾರುವವರೆಗೆ. "ನಮ್ಮಿಂದ ತಗಳ್ವಾಗ ಹಿಂಗೆ." ಜಾರಿ ಗೋಣಿಯ ಮೇಲೆ ಬಿದ್ದ ಕಾಳನ್ನು ಬೆರಳಿನಲ್ಲಿ ಒಟ್ಟು ಮಾಡುತ್ತಾ ಕೂತರು. ಮತ್ತೇನೂ ಹೇಳಲಿಲ್ಲ.

ಆ ದೃಶ್ಯ ಎರಡು ನಿಮಿಷ ಹತ್ತು ಸೆಕೆಂಡ್ ಇದೆ. ಒಂದು ಕಟ್ ಕೂಡ ಹಾಕಿಲ್ಲ.

ಆದ್ದರಿಂದ ಪ್ರಶ್ನೆಪಟ್ಟಿ ಮಾಡುವಾಗ ಅರ್ಧಕ್ಕಿಂತ ಜಾಸ್ತಿ "ತೋರಿಸ್ತೀರಾ?" ಅಂತ ಮುಗಿಯಲಿ. ಹಳೆ ಮನೆ ಎಲ್ಲಿತ್ತು ತೋರಿಸ್ತೀರಾ? ಅರ್ಜಿ ಎಲ್ಲಿ ಇಡ್ತೀರಿ ತೋರಿಸ್ತೀರಾ? ಉತ್ತರ ಬಂದ ಮೇಲೆ ಬಾಯಿ ಮುಚ್ಚಿಕೊಂಡು ಹತ್ತು ಎಣಿಸಿ. ಮುಖ್ಯವಾದ ಮಾತು ಬರುವುದು ಆ ಹತ್ತರೊಳಗೆ. ಅಳು ಬಂದರೆ ಕ್ಯಾಮೆರಾ ಹತ್ತಿರ ಒಯ್ಯಬೇಡಿ. ಆಫ್ ಮಾಡಬೇಕಾ ಅಂತ ಕೇಳಿ.

ಇನ್ನೊಂದು ಕಡೆಯವರ ಮಾತನ್ನೂ ತೆಗೆಯಿರಿ. ಭೂಮಾಲೀಕರು, ಅರಣ್ಯ ಇಲಾಖೆಯವರು, ಎಂಜಿನಿಯರ್. ಅವರನ್ನು ಖಳನಾಯಕರನ್ನಾಗಿ ಮಾಡಲು ಅಲ್ಲ. ಶರಾವತಿ ಪಂಪ್ಡ್ ಸ್ಟೋರೇಜಿನಂಥ (ನೀರನ್ನು ಮೇಲಕ್ಕೆ ಪಂಪ್ ಮಾಡಿ, ಬೇಕಾದಾಗ ಇಳಿಸಿ ಕರೆಂಟು ತೆಗೆಯುವ) 2,000 ಮೆಗಾವಾಟ್ ಯೋಜನೆಯ ಬಗ್ಗೆ ಮಾಡುವಾಗ "ಕರೆಂಟು ನಿಮಗೆ ಬೇಡ್ವಾ?" ಅನ್ನುವ ಪ್ರಶ್ನೆಯನ್ನು ಫಿಲ್ಮ್ ತಾನೇ ಎದುರಿಸಬೇಕು. ನೋಡುವವರು ಹೇಗೂ ಕೇಳುತ್ತಾರೆ.

8. ಪರವಾನಗಿ

ಅಭಯಾರಣ್ಯದೊಳಗೆ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಶರಾವತಿ ಕಣಿವೆ, ಶೆಟ್ಟಿಹಳ್ಳಿ ಎರಡೂ ಅಭಯಾರಣ್ಯಗಳು. ಅಣೆಕಟ್ಟು, ವಿದ್ಯುತ್ ಕೇಂದ್ರದ ಸುತ್ತ ಕೇಳದೆ ಕ್ಯಾಮೆರಾ ಎತ್ತಬೇಡಿ. ಡ್ರೋನಿಗೆ ನೋಂದಣಿಯ ನಿಯಮ ಇದೆ. ನನ್ನನ್ನು ಕೇಳಿದರೆ ಡ್ರೋನ್ ಮನೆಯಲ್ಲೇ ಬಿಡಿ. ಮೇಲಿಂದ ಮಲೆನಾಡು ಎಲ್ಲಿ ನೋಡಿದರೂ ಹಸಿರು ಹಸಿರಾಗಿ ಚೆನ್ನಾಗೇ ಕಾಣುತ್ತದೆ. ಅದೇ ತೊಂದರೆ.

9. ಎಡಿಟ್: ಕಾಗದದ ಮೇಲೆ ಮೊದಲು

ನಲವತ್ತು ನಿಮಿಷದ ಫಿಲ್ಮಿಗೆ ಇಪ್ಪತ್ತು ಗಂಟೆಯ ಫುಟೇಜ್ ಆಗುವುದು ಮಾಮೂಲು. ಎಲ್ಲ ಮಾತನ್ನೂ ಬರೆದುಕೊಳ್ಳಿ. ಅವರು ಹೇಗೆ ಆಡಿದರೋ ಹಾಗೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಸಾಲುಗಳನ್ನು ಕತ್ತರಿಸಿ ನೆಲದ ಮೇಲೆ ಹರಡಿ ಜೋಡಿಸಿ ನೋಡಿ. ತಂತ್ರಾಂಶಕ್ಕೆ ದುಡ್ಡು ಹಾಕಬೇಕಿಲ್ಲ, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳ ಸಾಕು.

ದುಃಖದ ಪಿಟೀಲು ಹಾಕಬೇಡಿ. ಜನಪದ ಹಾಡು ಹಾಕುವುದಾದರೆ ಹಾಡಿದವರ ಹೆಸರು ಹಾಕಿ, ಅವರಿಗೆ ಸಲ್ಲಬೇಕಾದದ್ದು ಕೊಡಿ. ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆ ಮನೆಗೆ ಬರುವುದನ್ನು ತೆಗೆದು, ಅದನ್ನು ಬೇರೆ ದೃಶ್ಯದ ಕೆಳಗೆ ಹಿನ್ನೆಲೆ ಸಂಗೀತವಾಗಿ ಹಾಸುವುದು ನನಗೆ ಸರಿ ಕಾಣುವುದಿಲ್ಲ. ಅದು ಹಬ್ಬದ ಹಾಡು. ಯಾರದ್ದೋ ಮನೆ ಬೀಳುವಾಗ ಹಾಡುವುದಲ್ಲ.

ಸಬ್‌ಟೈಟಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನ ಇಲ್ಲೇ ಎಡವುತ್ತಾರೆ. ನಮ್ಮ ಜನ ಕಾನು ಅನ್ನುತ್ತಾರೆ, ಬ್ಯಾಣ ಅನ್ನುತ್ತಾರೆ, ಸೊಪ್ಪಿನಬೆಟ್ಟ ಅನ್ನುತ್ತಾರೆ. ಕಾನು ದಟ್ಟ ನಿತ್ಯಹಸಿರು ಕಾಡು. ಬ್ಯಾಣ ಹುಲ್ಲು ಮೇಯುವ ಜಾಗ. ಸೊಪ್ಪಿನಬೆಟ್ಟ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಜಾಗ, ಅದಕ್ಕೆ ಹಳೆಯ ಕಾಲದಿಂದ ಬಂದ ಸವಲತ್ತಿನ ಲೆಕ್ಕವೇ ಬೇರೆ. ಮೂರಕ್ಕೂ ಇಂಗ್ಲಿಷಿನಲ್ಲಿ "ಫಾರೆಸ್ಟ್" ಅಂತ ಹಾಕಿದರೆ ಏನಾಗುತ್ತದೆ? "ನಾವು ಬ್ಯಾಣದಲ್ಲಿ ಮನೆ ಕಟ್ಟಿದ್ವಿ" ಅಂದವರು ಪರದೆಯ ಮೇಲೆ "ನಾವು ಕಾಡು ಕಡಿದು ಮನೆ ಕಟ್ಟಿದ್ವಿ" ಅಂದ ಹಾಗಾಗುತ್ತದೆ. ನಿಮ್ಮ ಅನುವಾದ ಅವರ ವಿರುದ್ಧ ಸಾಕ್ಷಿಯಾಗಿ ನಿಲ್ಲುತ್ತದೆ. ಆ ಪದಗಳನ್ನು ಹಾಗೇ ಬಿಡಿ, ಮೊದಲ ಸಲ ಬಂದಾಗ ನಾಲ್ಕು ಪದದಲ್ಲಿ ವಿವರಿಸಿ.

10. ಮೊದಲ ಪ್ರದರ್ಶನ ಅಂಗಳದಲ್ಲಿ

ಎಡಿಟ್ ಪೂರ್ತಿ ಮುಗಿಸುವ ಮೊದಲೇ ಊರಿಗೆ ಹೋಗಿ. ಮೊದಲು ಫಿಲ್ಮಿನಲ್ಲಿ ಇರುವವರಿಗೆ ಮಾತ್ರ, ಅವರ ಮನೆಯೊಳಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿ. ಅವರು ತೆಗೆಯಿರಿ ಅಂದದ್ದನ್ನು ತೆಗೆಯಿರಿ. ವಾದ ಮಾಡಬೇಡಿ. ಒಬ್ಬ ಹೆಣ್ಣುಮಗಳು ತಮ್ಮ ಗಂಡನ ಕುಡಿತದ ಬಗ್ಗೆ ಆಡಿದ ಒಂದು ಸಾಲನ್ನು ತೆಗೆಸಿದರು. ಫಿಲ್ಮಿಗೆ ಅದು ಬೇಕಿತ್ತು. ಮನೆಯಲ್ಲಿ ಮಗಳ ಮದುವೆ ಮಾತು ನಡೆಯುತ್ತಿತ್ತು. ತೆಗೆದೆ.

ಆಮೇಲೆ ಊರಿಗೆಲ್ಲ. ಬಿಳಿ ಪಂಚೆ ಕಟ್ಟಿದರೆ ಪರದೆ. ಪ್ರೊಜೆಕ್ಟರಿಗಿಂತ ಒಳ್ಳೆ ಸ್ಪೀಕರ್ ಮುಖ್ಯ. ಕರೆಂಟು ಹೋಗುತ್ತದೆ ಅಂತಲೇ ಲೆಕ್ಕ ಹಾಕಿ ಯುಪಿಎಸ್ ಒಯ್ಯಿರಿ. ಅಡಕೆ ಕೊಯ್ಲಿನ ಸಮಯ ಬೇಡ, ರಾತ್ರಿ ಎಲ್ಲರೂ ಸುಲಿಯುತ್ತಾ ಕೂತಿರುತ್ತಾರೆ.

ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆ 1949ರಿಂದ ಇದೆ. 1970ರ ದಶಕದಲ್ಲೇ ಹಳ್ಳಿಯಲ್ಲಿ ಕೂತು ಜಗತ್ತಿನ ಸಿನಿಮಾ ನೋಡುವ ಚಿತ್ರಸಮಾಜ ಕಟ್ಟಿದರು. ಹಾಗಾಗಿ "ಹಳ್ಳಿಯವರಿಗೆ ಅರ್ಥ ಆಗಲ್ಲ" ಅನ್ನುವ ಮಾತನ್ನು ಈ ಸೀಮೆಯಲ್ಲಿ ಆಡಬೇಡಿ, ನಗುತ್ತಾರೆ.

ಹೊರಗೆ ತೋರಿಸುವುದಕ್ಕೆ ಬಂದರೆ, ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೊಗ್ರಾಫ್ ಕಾಯ್ದೆಯ ಪ್ರಕಾರ ಸೆನ್ಸಾರ್ ಪ್ರಮಾಣಪತ್ರ ಬೇಕು. ಚಿತ್ರೋತ್ಸವಗಳು ಕೇಂದ್ರ ಸಚಿವಾಲಯದಿಂದ ವಿನಾಯಿತಿ ತೆಗೆದುಕೊಳ್ಳುತ್ತವೆ. ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಭಾರತದ ಸಾಕ್ಷ್ಯಚಿತ್ರಗಳಿಗೆ ಮಾತ್ರ ಸೆನ್ಸಾರ್ ಪತ್ರ ಬೇಕು ಅಂದಾಗ ಚಿತ್ರ ತಯಾರಕರು ಸಿಡಿದೆದ್ದು 2004ರಲ್ಲಿ ವಿಕಲ್ಪ ಅಂತ ತಮ್ಮದೇ ಪ್ರದರ್ಶನ ನಡೆಸಿದರು. ಕೇರಳದ ತಿರುವನಂತಪುರದ ಸಾಕ್ಷ್ಯಚಿತ್ರ, ಕಿರುಚಿತ್ರ ಉತ್ಸವಕ್ಕೆ ಖಂಡಿತ ಕಳಿಸಿ. ಸಂಸ್ಕೃತಿಯ ಕಡೆ ಹೆಚ್ಚು ವಾಲುವ ವಿಷಯವಾದರೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನ ಅನುದಾನಕ್ಕೆ ಮೊದಲೇ ಅರ್ಜಿ ಹಾಕಬಹುದು.

ಇಂಟರ್‌ನೆಟ್ಟಿಗೆ ಹಾಕುವುದು ಕೊನೆಗೆ. ಹಾಕುವ ಮೊದಲು ಮತ್ತೊಂದು ಸಲ ಫೋನ್ ಮಾಡಿ ಕೇಳಿ. ಅಂಗಳದಲ್ಲಿ ಒಪ್ಪಿದವರು ಮೊಬೈಲಿಗೆ ಒಪ್ಪದಿರಬಹುದು. ಕಾಮೆಂಟುಗಳಲ್ಲಿ ಜಾತಿ ಹಿಡಿದು ಬೈಯುವವರು ಬಂದೇ ಬರುತ್ತಾರೆ. ಕಾಮೆಂಟ್ ಮುಚ್ಚಿಡಿ.

ಕೊನೆಯ ಕೆಲಸ. ಫಿಲ್ಮ್ ಮಾತ್ರ ಅಲ್ಲ, ಅವರು ಆಡಿದ ಪೂರ್ತಿ ಮಾತನ್ನು, ಕತ್ತರಿಸದೆ, ಅವರ ಮನೆಗೆ ಕೊಡಿ. ದಿನಾಂಕ, ಊರು, ಹೆಸರು ಬರೆದು ಕೊಡಿ. ನಾನು ಮೊದಲ ಸಲ ಕೊಟ್ಟ ಪೆನ್‌ಡ್ರೈವ್ ಅವರ ಟಿವಿಯಲ್ಲಿ ಓಡಲೇ ಇಲ್ಲ. ಹಳೆ ಟಿವಿಗಳು ಓದುವುದು ಎಫ್‌ಎಟಿ32 ರೂಪದಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವನ್ನು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಅರ್ಧರ್ಧ ಗಂಟೆಯ ತುಂಡು ಮಾಡಿ, ಎಚ್.264 ಎಂಪಿ4ರಲ್ಲಿ ಹಾಕಿ, ಅವರ ಟಿವಿಗೆ ನೀವೇ ಚುಚ್ಚಿ, ಓಡಿದ್ದು ನೋಡಿಕೊಂಡು ಎದ್ದು ಬನ್ನಿ.